ಅಮ್ಮನ ಕಾಡು ಪ್ಲಮ್

ಹೊಲಿಗೆ ಕಾರ್ಖಾನೆಯ ಹಿತ್ತಲನ್ನು ಲಾರಿ ನಿಲ್ಲಿಸಲು ಮಟ್ಟ ಮಾಡುತ್ತಾರೆಂದು ಕೇಳಿದ್ದೇ ತಡ, ಅಲ್ಲೇ ಹೊಲಿಯುವ ದರ್ಜಿಯಕ್ಕ ಮಾಲೀಕನ ಮುಂದೆ ಹೋಗಿ ಪಟ್ಟು ಹಿಡಿದು ನಿಂತಳು. ಅಲ್ಲಿದ್ದ ಪ್ಲಮ್ ಮರದ ನೆರಳಲ್ಲಿ ಕೂತು ಅವಳಮ್ಮ ಆಯುಸ್ಸೆಲ್ಲ ಅಂಗಿಗಳಿಗೆ ಕಾಜಾ ಹಾಕಿದವಳು. ಅಮ್ಮನದು ಅಂತ ಉಳಿದಿದ್ದು ಅದೊಂದೇ. ಮಾಲೀಕ ಒರಟನೇ ಹೊರತು ಕೆಟ್ಟವನಲ್ಲ. ಕೆಂಪು ರಿಬ್ಬನ್ ತುಂಡೊಂದನ್ನು ಅವಳ ಕೈಗಿಟ್ಟ.

"ಒಂದೇ ಒಂದು ಮರ ಬಿಡ್ತೀನಿ. ನಿಮ್ಮಮ್ಮಂದು ಯಾವ್ದೋ ಅದಕ್ಕೆ ಕಟ್ಟು. ನಾಳೆ ಯಂತ್ರ ಬರುತ್ತೆ."

ಹಿತ್ತಲಿಗೆ ಹೋದ ಅಕ್ಕ ಕಂಗಾಲಾದಳು. ಅಮ್ಮನ ಕಾಲಕ್ಕೆ ಒಂದೇ ಇದ್ದ ಜಾಗದಲ್ಲಿ ಈಗ ಮುಳ್ಳುಮುಳ್ಳಾದ ಮರಗಳ ಗುಂಪು. ಎಲ್ಲಕ್ಕೂ ಒಂದೇ ಮುಖ. ಡಬ್ಬಿ ತುಂಬಾ ಗುಂಡಿಗಳಲ್ಲಿ ಬೇಕಾದ್ದನ್ನು ಕಣ್ಣು ಮುಚ್ಚಿ ಹೆಕ್ಕುವವಳಿಗೆ ಹೆತ್ತಮ್ಮನ ಮರ ಗುರುತು ಸಿಗಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ನಾದಿನಿಗೆ ಫೋನ್ ಹೋಯಿತು. ನಾದಿನಿ ಬಂದವಳೇ ಎಲೆಯಂಚಿನ ಚೂಪು ಹಲ್ಲುಗಳನ್ನು ಸವರಿದಳು, ಸುರುಳಿಯೆದ್ದ ತೊಗಟೆ ಕೆರೆದಳು, ಹಣ್ಣೊಂದನ್ನು ಕಚ್ಚಿ ಮುಖ ಕಿವುಚಿದಳು.

"ಇದು ತೋಟದ ಪ್ಲಮ್ ಅಲ್ಲ ಅತ್ತಿಗೆ. ಈ ನೆಲದ್ದೇ ಕಾಡು ಪ್ಲಮ್."

"ಯಾವ್ದಾದ್ರೂ ಆಗ್ಲಿ. ಅಮ್ಮಂದು ಯಾವ್ದು, ಅಷ್ಟು ಹೇಳು."

ನಾದಿನಿ ಮುಳ್ಳಿಗೆ ಕೈ ಗೀರಿಸಿಕೊಳ್ಳುತ್ತಾ ಒಳಗೆ ನುಗ್ಗಿ, ನಡುವಿನ ಹುಲ್ಲು ಸರಿಸಿದಳು. ಟೊಳ್ಳಾದ ಬೊಡ್ಡೆಯೊಂದು ಕಂಡಿತು. ಅದರಲ್ಲಿ ತುಕ್ಕು ಹಿಡಿದ ಮೊಳೆ. ಅಮ್ಮ ಕತ್ತರಿ ತೂಗುಹಾಕುತ್ತಿದ್ದ ಮೊಳೆ. ಅಕ್ಕ ಬಗ್ಗಿ ಅದನ್ನು ಸವರಿದಳು.

"ಸತ್ತೇ ಹೋಗಿದೆಯಲ್ಲೇ."

"ತಾಳಿ." ನಾದಿನಿ ಬೊಡ್ಡೆಯ ಬುಡದಿಂದ ಮಣ್ಣು ಕೆದರುತ್ತಾ ಹೋದಳು. ಒಂದು ಬೇರು ಹೊರಟು ಪಕ್ಕದ ಮರಕ್ಕೆ ಸೇರಿತ್ತು, ಇನ್ನೊಂದು ಅದರಾಚೆಯದಕ್ಕೆ. "ಕಾಡು ಪ್ಲಮ್ ಬೇರಿಂದಲೇ ಮೇಲೇಳುತ್ತೆ. ಇವು ಮಕ್ಕಳೂ ಅಲ್ಲ, ಮೊಮ್ಮಕ್ಕಳೂ ಅಲ್ಲ. ಅದೇ ಮರ, ಇನ್ನೂ ಬದುಕಿದೆ."

ಬೆಳಗ್ಗೆ ಮಾಲೀಕ ಬಂದಾಗ ಆ ರಿಬ್ಬನ್ನಿಗೆ ಬಟ್ಟೆಯ ಅಂಚುಪಟ್ಟಿಗಳನ್ನು ಜೋಡಿಸಿ ಹೊಲಿದ ಉದ್ದನೆಯ ಪಟ್ಟಿ ಇಡೀ ಗುಂಪನ್ನು ಸುತ್ತಿತ್ತು. ಅಕ್ಕನ ಹೊಲಿಗೆ ಅಚ್ಚುಕಟ್ಟಾಗಿತ್ತು.

"ಒಂದೇ ಅಂದಿದ್ದೆ ನಾನು," ಎಂದ ಮಾಲೀಕ, ಮುಖ ಗಂಟಿಕ್ಕಿ.

"ಒಂದೇ ಇರೋದು," ಎಂದಳು ಅಕ್ಕ. " ಬೇರು ನೋಡಿ."

ಕೆದರಿದ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವನು ಬೇರು ಹಿಡಿದು ಜಗ್ಗಿದ. ಆಚೆಯ ಮರದ ಎಲೆಗಳು ಅಲುಗಿದವು. ಮೊಳೆಯನ್ನೂ ಮುಟ್ಟಿ ನೋಡಿದ.

"ನಿಮ್ಮಮ್ಮನೂ ಹೀಗೇ. ಕೂರೋಕೆ ಒಂಚೂರು ಜಾಗ ಅಂತ ಕೇಳಿ, ಹಿತ್ತಲು ತುಂಬಾ ಬಟ್ಟೆ ಹರಡ್ಕೊಂಡು ಕೂರೋಳು."

ಎದ್ದು ಕೈಯ ಮಣ್ಣು ಕೊಡವಿ ಯಂತ್ರದವನತ್ತ ಕೈ ಬೀಸಿದ.

"ಆ ಕಡೆಯಿಂದ ಶುರು ಮಾಡಪ್ಪ. ಇಲ್ಲೊಂದು ಮರ ಇದೆ."