ಮೊದಲನೇ ಅರ್ಹತೆ

“ಕಸ ಗುಡಿಸೋಳ ಮಗಳಿಗೆ ಡಾಕ್ಟರೇಟ್ ಕೊಡ್ಸಿದೀನಿ. ಇನ್ನೂ ಏನೇ ಬೇಕು ನಿಂಗೆ?” ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಮೇಜಿನ ಮೇಲಿಟ್ಟ ಕಾಲನ್ನು ಇಳಿಸದೆ ಕೇಳಿದರು. “ಸುಮ್ನೆ ಟೈಪ್ ಮಾಡು.”

ಡಾಕ್ಟ್ರಮ್ಮ ಟೈಪ್ ಮಾಡತೊಡಗಿದಳು. ಆ ಹೆಸರು ಕೊಟ್ಟವರು ಅವಳ ಬೀದಿಯವರು. ತನ್ನದು ಕಂಪ್ಯೂಟರ್ ವಿಜ್ಞಾನದ ಪಿಎಚ್‌.ಡಿ. ಎಂದು ಎಷ್ಟು ಹೇಳಿದರೂ ಕೇಳದೆ, ಮಕ್ಕಳಿಗೆ ಜ್ವರ ಬಂದರೆ ಎತ್ತಿಕೊಂಡು ಬಂದುಬಿಡುತ್ತಿದ್ದರು. ಪದವಿ ಸಿಕ್ಕಿ ಎರಡು ವರ್ಷವಾಗಿತ್ತು. ಪಿಎಚ್‌.ಡಿ. ಆದವರಿಗೆ ಕೊಡುವ ಪೋಸ್ಟ್‌ಡಾಕ್ ಸಂಶೋಧನಾ ಹುದ್ದೆಗಾಗಿ ಕಂಡಕಂಡಲ್ಲಿಗೆಲ್ಲ ಅರ್ಜಿ ಹಾಕಿದ್ದಳು. ಎಲ್ಲರೂ ಕೇಳಿದ್ದು ಪ್ರೊಫೆಸರರ ಶಿಫಾರಸು ಪತ್ರ. ಅದನ್ನು ಬರೆಯಲು ಅವರಿಗೆ ಪುರುಸೊತ್ತಿರಲಿಲ್ಲ. ಇಲ್ಲೇ ಒಂದು ಹುದ್ದೆ ಬರುತ್ತದೆ, ಅದು ನಿನಗೇ ಎಂದು ಆಸೆ ಹಚ್ಚಿದ್ದರು. ಅದನ್ನು ನಂಬಿ, ಆ ಹುದ್ದೆ ತರಬೇಕಿದ್ದ ಸಂಶೋಧನಾ ಯೋಜನೆಯ ಪ್ರಸ್ತಾವವನ್ನು ಮೊದಲಿಂದ ಕೊನೆಯವರೆಗೆ ಅವಳೇ ಬರೆದುಕೊಟ್ಟಳು. ಹುದ್ದೆ ಮಂಜೂರಾಯಿತು. ಅಷ್ಟರಲ್ಲಿ ಪ್ರೊಫೆಸರರ ಮಗಳ ಮದುವೆಯೂ ಆಯಿತು.

ಈಗ ಆ ಹುದ್ದೆಯ ಜಾಹೀರಾತು ತಯಾರಾಗುತ್ತಿತ್ತು. ಸೇತುವೆಗಳ ಫೋಟೊ ನೋಡಿ ಅವುಗಳ ಬಿರುಕನ್ನು ಕಂಪ್ಯೂಟರೇ ಹುಡುಕುವ ಬಗ್ಗೆ ಅಳಿಯ ಬರೆದ ಪ್ರಬಂಧವನ್ನು ಎದುರಿಗಿಟ್ಟುಕೊಂಡು ಪ್ರೊಫೆಸರ್ ದರ್ಜಿಯ ಹಾಗೆ ಅಳತೆ ಹೇಳುತ್ತಿದ್ದರು.

“ಸೇತುವೆ ಅಂತ ಹಾಕು. ಕಬ್ಬಿಣದ್ದು ಅಂತಾನೂ ಹಾಕು. ಬರೀ ಸೇತುವೆ ಅಂದ್ರೆ ಯಾವನಾದ್ರೂ ಬಂದು ಕೂತ್ಕೋತಾನೆ.”

“ನಾನು ಬರೆದ ಯೋಜನೇಲಿ ಸೇತುವೇನೇ ಇಲ್ಲ ಸರ್.”

“ಅದಕ್ಕೇ ನಿಂಗೆ ಕೆಲಸ ಸಿಕ್ತಿಲ್ಲ.”

ಹೊರಗೆ ಅವಳ ಅಮ್ಮ ನೆಲ ಒರೆಸುತ್ತಿದ್ದಳು. ಪ್ರೊಫೆಸರ್ ಎದ್ದು ಹೋಗುವವರೆಗೆ ಆ ಕೋಣೆಗೆ ಕಾಲಿಡಬಾರದೆಂದು ಅವಳಿಗೆ ಅಪ್ಪಣೆಯಾಗಿತ್ತು. ಮಗಳು ನಡೆದದ್ದನ್ನೆಲ್ಲ ಹೇಳಿದಾಗ ಅಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು.

“ಬೋಳಿಮಗ. ಅಳಿಯನಿಗೆ ಅಂತ ನೆಟ್ಟಗೆ ಬರ್ಕೊಂಡ್ರೆ ಇವನ ಗಂಟೇನು ಹೋಗ್ತಿತ್ತು? ಊರೋರ್ನೆಲ್ಲ ಯಾಕೆ ಅಲೆದಾಡಿಸ್ಬೇಕು?”

ಡಾಕ್ಟ್ರಮ್ಮನಿಗೆ ಆ ಮಾತು ಸರಿಯೆನಿಸಿತು. ಒಳಗೆ ಹೋಗಿ, ಅಗತ್ಯ ಅರ್ಹತೆಗಳ ಕೆಳಗೆ ಎಲ್ಲಕ್ಕಿಂತ ಮೊದಲು ಒಂದು ಸಾಲು ಸೇರಿಸಿದಳು: “ಅಭ್ಯರ್ಥಿಯು ವಿಭಾಗದ ಮುಖ್ಯಸ್ಥರ ಅಳಿಯನಾಗಿರತಕ್ಕದ್ದು.” ತಾನೇ ಹೇಳಿ ಬರೆಸಿದ್ದಲ್ಲವೇ ಎಂದು ಪ್ರೊಫೆಸರ್ ಓದದೆ ಸಹಿ ಹಾಕಿದರು. ಸಹಿ ಇದೆಯಲ್ಲ ಎಂದು ಗುಮಾಸ್ತ ಓದದೆ ವೆಬ್‌ಸೈಟಿಗೆ ಏರಿಸಿದ.

ಪ್ರೊಫೆಸರರ ಕಣ್ಣಿಗೆ ಅದು ಬಿದ್ದದ್ದು ಐದನೆಯ ದಿನ. ಜಾಹೀರಾತನ್ನು ತೆಗೆಸಿದರು. ಅಮ್ಮನನ್ನು ಕಕ್ಕಸು ತೊಳೆಯುವ ಕೆಲಸಕ್ಕೆ ಹಾಕಿಸಿದರು. ಮಗಳಿಗೆ, “ಪ್ರಯೋಗಾಲಯದ ಬೀಗದ ಕೈ ಒಪ್ಪಿಸಿ ತೊಲಗು” ಎಂದರು.

ಹೊರಡುವ ಮುನ್ನ ಅವಳು ಅರ್ಜಿಗಳು ಬರುವ ಇಮೇಲ್ ಪೆಟ್ಟಿಗೆ ತೆರೆದು ನೋಡಿದಳು. ಯಾರಾದರೂ ಉಗಿದು ಬರೆದಿರಬಹುದೆಂಬ ಆಸೆ. ನೂರ ಮೂವತ್ತೇಳು ಅರ್ಜಿ ಬಂದಿದ್ದವು. ಒಬ್ಬರೂ ಉಗಿದಿರಲಿಲ್ಲ. ಮೂವತ್ತೆಂಟು ವರ್ಷ ವಯಸ್ಸಿನ, ಹನ್ನೊಂದು ಪ್ರಬಂಧ ಪ್ರಕಟಿಸಿದ್ದವನೊಬ್ಬ ಕೊನೆಯಲ್ಲಿ ಹೀಗೆ ಬರೆದಿದ್ದ:

“ಮೊದಲನೆಯದೊಂದನ್ನು ಬಿಟ್ಟು ಉಳಿದೆಲ್ಲ ಅರ್ಹತೆಗಳೂ ನನಗಿವೆ. ನಾನಿನ್ನೂ ಅವಿವಾಹಿತ. ದಯವಿಟ್ಟು ಪರಿಶೀಲಿಸಬೇಕು.”