ಗೋಧಿ ತೂಗಿದರು, ಮನೆ ತೂಗಲಿಲ್ಲ

ವರ್ಲಿನ್ ಶ್ರಾಗ್ ತೂಕದ ವಿಷಯದಲ್ಲಿ ಭಾರೀ ಕಟ್ಟುನಿಟ್ಟಿನ ಮನುಷ್ಯ. ಬೇಸಿಗೆ ಬಂತೆಂದರೆ ಓಕ್ಲಹೋಮಾದಿಂದ ಹೊರಟು, ಗೋಧಿ ಮಾಗುತ್ತಾ ಹೋದಂತೆ ತಾನೂ ಉತ್ತರಕ್ಕೆ ಹೋಗುತ್ತಾ, ಊರೂರಿನ ರೈತರ ಬೆಳೆಯನ್ನು ತನ್ನ ಕಟಾವು ಯಂತ್ರಗಳಲ್ಲಿ ಕೊಯ್ದು ಕೊಡುವುದು ಅವನ ಕಸುಬು. ಅವನ ಅಪ್ಪನದ್ದೂ ಅದೇ ಆಗಿತ್ತು. ಕೊಯ್ದ ಗೋಧಿಯ ಲಾರಿ ಗೋದಾಮಿನ ವೇಬ್ರಿಡ್ಜ್ ಎಂಬ ತೂಕದ ಕಟ್ಟೆಯ ಮೇಲೆ ನಿಂತಾಗ ಕಿಟಕಿಯೊಳಗೆ ಮುಖ ತೂರಿಸಿ ಅಂಕಿ ನೋಡದೆ ಬಿಟ್ಟವನೇ ಅಲ್ಲ. ಇಪ್ಪತ್ತು ಪೌಂಡ್ ಹೆಚ್ಚುಕಮ್ಮಿ ಅನ್ನಿಸಿದರೂ ಸಾಕು, ಇನ್ನೊಂದು ಸಲ ತೂಗಿ ಅನ್ನುತ್ತಿದ್ದ. ಇಂಥ ಮನುಷ್ಯ ತನ್ನ ಹೆಂಡತಿಯೂ ತಾಯಿಯೂ ಎಳೆದುಕೊಂಡು ಹೋಗುವ ಮನೆಯನ್ನು ಮಾತ್ರ ಆರು ವರ್ಷದಲ್ಲಿ ಒಮ್ಮೆಯೂ ತೂಗಿರಲಿಲ್ಲ. ಇದಕ್ಕೆ ಏನನ್ನೋಣ ಹೇಳಿ.

ಮನೆ ಎಂದರೆ ಚಕ್ರದ ಮೇಲಿನ ಮನೆ. ಮೂವತ್ತಮೂರು ಅಡಿ ಉದ್ದದ ಟ್ರೇಲರ್. ಅದರ ಮುಂದಿನ ಕತ್ತು ಪಿಕಪ್ ಗಾಡಿಯ ತೊಟ್ಟಿಯೊಳಗೆ, ಹಿಂಚಕ್ರಗಳ ನೇರಕ್ಕೆ ಬಂದು ಕೂರುತ್ತದೆ. ಫಿಫ್ತ್ ವೀಲ್ ಎಂದು ಅದರ ಹೆಸರು. ಅಡುಗೆ, ಊಟ, ನಿದ್ದೆ ಎಲ್ಲ ಅದರಲ್ಲೇ. ಕಟಾವು ಯಂತ್ರ ಹೇರಿದ ದೊಡ್ಡ ಲಾರಿಯಲ್ಲಿ ವರ್ಲಿನ್ ಮುಂದೆ ಹೋಗುತ್ತಿದ್ದ. ಪಿಕಪ್ಪಿಗೆ ಮನೆ ಸಿಕ್ಕಿಸಿಕೊಂಡು ಹಿಂದೆ ಬರುತ್ತಿದ್ದವಳು ಅವನ ಹೆಂಡತಿ ಟ್ವೈಲಾ. ಪಕ್ಕದಲ್ಲಿ ಅವಳ ಅತ್ತೆ ಆಲ್ಮಾ. ಆಳುಗಳಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದವರು ಆಲ್ಮಾ. ಹೀಗಾಗಿ ಆ ಮನೆಯನ್ನು ಎಳೆಯುವಾಗ ಕೈಗೆ ಏನು ಗೊತ್ತಾಗುತ್ತದೆ ಎನ್ನುವುದು ವರ್ಲಿನ್‌ಗೆ ತಿಳಿದೇ ಇರಲಿಲ್ಲ.

ನೆಬ್ರಾಸ್ಕಾದ ಪಶ್ಚಿಮದ ಅಂಚಿನಲ್ಲಿ ಕೊಯ್ಲು ಮುಗಿಯಿತು. ಮರುದಿನ ಬೆಳಿಗ್ಗೆ ಮೊಂಟಾನಾ ಕಡೆಗೆ ಹೊರಡಬೇಕು. ದಾರಿಯಲ್ಲಿ ವಯೋಮಿಂಗ್‌ನ ಒಂದು ಗುಡ್ಡ ಇಳಿಯಬೇಕು. ಏಳು ಮೈಲಿ ಇಳಿಜಾರು, ಬುಡದಲ್ಲಿ ಊರು, ಊರಿನ ಬಾಯಲ್ಲೇ ನಾಲ್ಕು ರಸ್ತೆ ಕೂಡುವ ಜಾಗ. ಆ ಜಾಗ ನೆನೆದರೆ ಟ್ವೈಲಾಳಿಗೆ ಭಯವಾಗುತ್ತಿತ್ತು.

ಅದಕ್ಕೆ ಕಾರಣ ಇತ್ತು. ಎರಡು ವಾರದ ಕೆಳಗೆ ಕಾನ್ಸಸ್‌ನಿಂದ ಬರುವಾಗ ಒಂದು ಸಣ್ಣ ದಿಬ್ಬ ಇಳಿದು ಅಡ್ಡರಸ್ತೆ ಸಿಕ್ಕಿತು. ನಿಲ್ಲಿ ಎಂಬ ಕೆಂಪು ಫಲಕ ಅವಳಿಗೆ ದೂರದಿಂದಲೇ ಕಂಡಿತ್ತು. ಬ್ರೇಕ್ ಒತ್ತಿದಳು. ಗಾಡಿ ನಿಧಾನ ಆಯಿತೇ ಹೊರತು ನಿಲ್ಲಲಿಲ್ಲ. ಇನ್ನೂ ಒತ್ತಿದಳು, ಸೀಟಿನಿಂದ ಮೇಲೆದ್ದು ಎರಡೂ ಕಾಲಲ್ಲಿ ಒತ್ತಿದಳು. ಹಿಂದಿನಿಂದ ಮನೆ ನೂಕುತ್ತಲೇ ಇತ್ತು. ಸ್ಟೇರಿಂಗ್ ಹಗುರಾಗಿ, ಮುಂದಿನ ಚಕ್ರ ನೆಲದ ಮೇಲೆ ಇದೆಯೋ ಇಲ್ಲವೋ ಎನ್ನುವ ಹಾಗಾಯಿತು. ಡ್ಯಾಶ್‌ಬೋರ್ಡಿನ ಕೆಳಗಿನ ಟ್ರೇಲರ್ ಬ್ರೇಕಿನ ಹಿಡಿಕೆಯನ್ನೂ ಕೈಯಲ್ಲಿ ಹಿಚುಕಿದಳು. ಫಲಕ ದಾಟಿ, ಬಿಳಿ ಗೆರೆ ದಾಟಿ, ಗಾಡಿ ಅಡ್ಡರಸ್ತೆಯ ನಟ್ಟನಡುವೆ ಹೋಗಿ ನಿಂತಿತು. ಆ ಕಡೆಯಿಂದ ಬರುತ್ತಿದ್ದ ಬಿಳಿ ಕಾರಿನವಳು ರಸ್ತೆ ಬಿಟ್ಟು ಹುಲ್ಲಿಗೆ ಇಳಿಸಿದ್ದರಿಂದ ಎಲ್ಲರೂ ಉಳಿದರು. ಆ ಕಾರಿನ ಹಿಂದಿನ ಸೀಟಿನಲ್ಲಿ ಕೂಸೊಂದನ್ನು ಬೆಲ್ಟ್ ಕಟ್ಟಿ ಕೂರಿಸಿದ್ದರು. ಟ್ವೈಲಾ ಅದನ್ನು ನೋಡಿದಳು. ಆಲ್ಮಾ ಒಂದು ಮಾತೂ ಆಡಲಿಲ್ಲ. ಆವತ್ತೂ ಆಡಲಿಲ್ಲ, ಅದಾದ ಮೇಲೂ ಆ ಸುದ್ದಿ ಎತ್ತಲಿಲ್ಲ.

ಹತ್ತು ಮೈಲಿ ಮುಂದಿದ್ದ ವರ್ಲಿನ್‌ಗೆ ಟ್ವೈಲಾ ಅಂದೇ ಹೇಳಿದ್ದಳು, ಬ್ರೇಕ್ ಸರಿಯಿಲ್ಲ ಎಂದು. ನಿನಗೇ ಓಡಿಸಲು ಬರುವುದಿಲ್ಲ ಎಂದಾನು ಎಂದು ಆ ಕಾರಿನ ಸುದ್ದಿ ಮಾತ್ರ ಹೇಳಿರಲಿಲ್ಲ. ಅವನು ಚಕ್ರ ಬಿಚ್ಚಿ ನೋಡಿ ಎಲ್ಲ ಹೊಸದರಂತೆ ಇದೆ ಎಂದ. ಈಗ ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಊಟಕ್ಕೆ ಕೂತಾಗ ಮತ್ತೆ ಹೇಳಿದಳು. ಹಿಂದಿನ ಟೈರು ಮುಟ್ಟಿದರೆ ಕೈ ಸುಡುತ್ತದೆ, ಪಿಕಪ್ಪಿನ ಹಿಂಭಾಗ ಕುಸಿದಿದೆ, ಭಾರ ಜಾಸ್ತಿಯಾಗಿದೆ ಅನ್ನಿಸುತ್ತದೆ ಎಂದಳು.

ವರ್ಲಿನ್ ಆಲೂಗಡ್ಡೆ ಬಡಿಸಿಕೊಳ್ಳುತ್ತಾ ನಕ್ಕ. "ಆ ಗಾಡಿ ಹದಿನೇಳು ಸಾವಿರ ಪೌಂಡ್ ಎಳೀತದೆ ಅಂತ ಕಂಪ್ನಿ ಪುಸ್ತಕದಲ್ಲೇ ಬರ್ದಿದಾರೆ. ನಮ್ಮನೆ ಹನ್ನೆರಡು ಸಾವಿರಾನೂ ಬರಲ್ಲ. ನಿಂಗೆ ಇಳಿಜಾರು ಅಂದ್ರೆ ಮೊದ್ಲಿಂದ್ಲೂ ಪುಕ್ಲು."

ಟ್ವೈಲಾ ಅತ್ತೆಯ ಮುಖ ನೋಡಿದಳು. ಆಲ್ಮಾ ಎದ್ದು ಕಾಫಿ ತರಲು ಹೋದರು. ಬೇಕೆಂದೇ ಹೋದರು ಎಂದು ಟ್ವೈಲಾಳಿಗೆ ಅನ್ನಿಸಿತು.

ಊಟದ ಪಾತ್ರೆ ತೊಳೆದವಳೇ ಅವಳು ಪಿಕಪ್ ತೆಗೆದುಕೊಂಡು ಆ ಊರಿನ ಗೋಧಿ ಗೋದಾಮಿಗೆ ಹೋದಳು. ಅಲ್ಲಿ ತೂಕದ ಕಿಟಕಿಯಲ್ಲಿ ಕೂರುವವರು ಆರ್ಡಿಸ್. ಇಪ್ಪತ್ತಾರು ವರ್ಷ ಅದೇ ಕುರ್ಚಿಯಲ್ಲಿ ಕೂತು, ಬರುವ ಲಾರಿಯ ಟೈರು ಒತ್ತಿಕೊಂಡಿರುವುದನ್ನು ನೋಡಿಯೇ ಎಷ್ಟು ಹೇರಿದ್ದಾರೆಂದು ಹೇಳಬಲ್ಲ ಹೆಂಗಸು. ಟ್ವೈಲಾ ಅಡ್ಡರಸ್ತೆಯ ಕಥೆ, ಗಂಡ ಅಂದ ಮಾತು ಎಲ್ಲ ಹೇಳುವಾಗ ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕನ್ನಡಕ ಮೂಗಿಗೆ ಏರಿಸಿಕೊಂಡು ಹೊರಗೆ ಬಂದು, ಪಿಕಪ್ಪಿನ ಡ್ರೈವರ್ ಬಾಗಿಲು ತೆರೆದರು. ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಒಂದು ಚೀಟಿಯನ್ನು ಬೆರಳಿನಿಂದ ಒರೆಸಿದರು. ಆರು ವರ್ಷದ ಗೋಧಿ ಧೂಳು ಅದರ ಮೇಲೆ ಕೂತಿತ್ತು.

"ಓದು," ಅಂದರು.

ಜನ ಮತ್ತು ಸಾಮಾನು ಎರಡೂ ಸೇರಿ 2,600 ಪೌಂಡ್ ಮೀರಕೂಡದು ಎಂದು ಅದರಲ್ಲಿತ್ತು.

"ಎಳೆಯೋದು ಬೇರೆ, ಹೊರೋದು ಬೇರೆ ಟ್ವೈಲಾ. ನಿನ್ ಗಂಡ ಹೇಳ್ತಿರೋದು ಎಳೆಯೋ ಮಾತು. ಅದೂ ಖಾಲಿ ಗಾಡಿಗೆ ಒಬ್ಬ ಡ್ರೈವರ್ ಕೂರಿಸ್ಕೊಂಡು ಹೇಳಿದ್ದು. ಎಂಜಿನ್ನಿಗೇನು, ಎಳ್ಕೊಂಡು ಹೋಗ್ತದೆ. ಆದ್ರೆ ನಿಮ್ ಮನೆ ಕತ್ತು ಈ ಗಾಡಿ ಬೆನ್ನಿನ್ ಮೇಲೆ ಕೂತಿದೆಯಲ್ಲ, ಆ ಭಾರ ಹೊರೋದು ಸ್ಪ್ರಿಂಗು, ಟೈರು. ನಿಲ್ಲಿಸೋದು ಬ್ರೇಕು. ಮನೆ ತೂಕದಲ್ಲಿ ಐದ್ರಲ್ಲೊಂದು ಪಾಲು, ಒಂದೊಂದ್ಸಲ ಅದಕ್ಕಿಂತ ಜಾಸ್ತಿ, ಇಲ್ಲೇ ಕೂರ್ತದೆ."

ತೊಟ್ಟಿಯಲ್ಲಿದ್ದ ನೂರು ಗ್ಯಾಲನ್ನಿನ ಡೀಸೆಲ್ ಟ್ಯಾಂಕನ್ನು ತಟ್ಟಿ ನೋಡಿದರು. ಅದು ಪೂರಾ ತುಂಬಿತ್ತು. ಹೊಲದಲ್ಲಿ ಯಂತ್ರಗಳಿಗೆ ಹಾಕಲು ವರ್ಲಿನ್ ಇಟ್ಟಿದ್ದ ಟ್ಯಾಂಕು ಅದು. ಪಕ್ಕದಲ್ಲಿ ಅವನ ಸಲಕರಣೆ ಪೆಟ್ಟಿಗೆ. ಆರ್ಡಿಸ್ ತಲೆ ಕೊಡವಿದರು. ನಾಳೆ ಬೆಳಿಗ್ಗೆ ಹೊರಡುವಾಗ ಮನೆಯನ್ನು ಸಿಕ್ಕಿಸಿಕೊಂಡು ಹೇಗಿದೆಯೋ ಹಾಗೇ ಇಲ್ಲಿಗೆ ತಾ, ಅತ್ತೆಯನ್ನೂ ಕೂರಿಸಿಕೊಂಡು ಬಾ, ಏನೂ ಇಳಿಸಬೇಡ ಎಂದು ಹೇಳಿ ಕಳುಹಿಸಿದರು.

ಮರುದಿನ ಬೆಳಿಗ್ಗೆ ಲಾರಿಗಳು ಸಾಲಾಗಿ ಹೊರಟು ನಿಂತಿದ್ದಾಗ ಟ್ವೈಲಾ ಹೆದ್ದಾರಿಗೆ ತಿರುಗದೆ ಗೋದಾಮಿನ ಕಡೆಗೆ ತಿರುಗಿದಳು. ವರ್ಲಿನ್ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊದಲ್ಲಿ ಎಲ್ಲಿಗೆ ಹೋಗ್ತಿದೀಯ ಎಂದು ಕೇಳಿದ. ತೂಗಿಸೋಕೆ ಎಂದಳು. ಏಳುನೂರು ಮೈಲಿ ದಾರಿ ಇಟ್ಟುಕೊಂಡು ಇದೆಂಥ ಆಟ ಎಂದು ರೇಗಿದ. ಅವಳು ರೇಡಿಯೊ ಆರಿಸಿಬಿಟ್ಟಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಆರ್ಡಿಸ್ ಕೈಸನ್ನೆ ಮಾಡಿ ಪಿಕಪ್ಪನ್ನು ಮಾತ್ರ ಕಟ್ಟೆಯ ಮೇಲೆ ಹತ್ತಿಸಿ, ಟ್ರೇಲರಿನ ಚಕ್ರಗಳು ಹೊರಗೇ ಇರುವಂತೆ ನಿಲ್ಲಿಸಿದರು. ಹಾಗೆ ನಿಲ್ಲಿಸಿದರೆ ಮನೆ ಎಷ್ಟು ಭಾರವನ್ನು ಗಾಡಿಯ ಮೇಲೆ ಹೇರಿದೆ ಎಂಬುದು ಅಂಕಿಯಲ್ಲೇ ಸೇರಿ ಬರುತ್ತದೆ. ಅಷ್ಟರಲ್ಲಿ ವರ್ಲಿನ್ ದಾಪುಗಾಲು ಹಾಕುತ್ತಾ ಬಂದ. ಬಂದವನು ಅಭ್ಯಾಸಬಲದಿಂದ ನೇರವಾಗಿ ಕಿಟಕಿಗೆ ಮುಖ ತೂರಿಸಿದ.

ಆ ಗಾಡಿ ತನ್ನ ತೂಕ, ಹೇರಿದ ಭಾರ ಎಲ್ಲ ಸೇರಿ ಇರಬೇಕಾದದ್ದು ಹೆಚ್ಚೆಂದರೆ ಹತ್ತು ಸಾವಿರ ಪೌಂಡ್. ಕಟ್ಟೆ 11,430 ತೋರಿಸುತ್ತಿತ್ತು.

ವರ್ಲಿನ್ ಅದನ್ನು ನೋಡಿದ, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ. "ಇದು ದೊಡ್ ಲಾರಿ ತೂಗೋ ಕಟ್ಟೆ. ಸಣ್ ಗಾಡಿಗೆ ಸರಿಯಾಗಿ ತೋರ್ಸಲ್ಲ."

"ಶನಿವಾರ ಇದೇ ಕಟ್ಟೆ ಮುಂದೆ ನಿಂತು ಇಪ್ಪತ್ ಪೌಂಡಿಗೆ ಅರ್ಧ ಗಂಟೆ ನನ್ ತಲೆ ತಿಂದೆ," ಅಂದರು ಆರ್ಡಿಸ್. "ಆವತ್ತು ಸರಿ ಇತ್ತು, ಇವತ್ತು ಕೆಟ್ಟೋಯ್ತಾ? ಸಾವಿರದ ನಾನೂರ ಮೂವತ್ ಪೌಂಡ್ ಮೇಲಿದೆ ವರ್ಲಿನ್. ಗೋಧಿ ಆಗಿದ್ರೆ ನೀನು ಇಷ್ಟೊತ್ತಿಗೆ ಕುಣಿದಾಡ್ತಿದ್ದೆ."

ಆದರೂ ಅವನು ಹಟ ಬಿಡಲಿಲ್ಲ. ಆರು ವರ್ಷ ಏನೂ ಆಗಿಲ್ಲವಲ್ಲ, ಈ ಒಂದು ಸಲ ಹೋಗಿಬಿಡೋಣ, ಮೊಂಟಾನಾದಲ್ಲಿ ಗೋಧಿ ಕಾಯುತ್ತಿದೆ, ಅಲ್ಲಿ ಹೋಗಿ ನೋಡಿಕೊಂಡರಾಯಿತು ಎಂದ. ಟ್ವೈಲಾ ಗಾಡಿಯಲ್ಲೇ ಕೂತು ಸ್ಟೇರಿಂಗ್ ಹಿಡಿದುಕೊಂಡಿದ್ದಳು. ಈಗ ಕೀಲಿ ತೆಗೆದು ಅವನಿಗೆ ಕೊಡಬೇಕು, ನೀನೇ ಇಳಿಸು ಆ ಗುಡ್ಡ ಎನ್ನಬೇಕು ಎಂದುಕೊಂಡಳು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಆಲ್ಮಾ ನಿಧಾನಕ್ಕೆ ಇಳಿದರು.

"ಆಗಿದೆ ಕಣೋ," ಅಂದರು. "ಕಾನ್ಸಸ್ ಬಿಟ್ಟ ದಿನ ಅಡ್ಡರಸ್ತೇಲಿ ಆಗಿದೆ. ಅವಳು ಎದ್ ನಿಂತು ಬ್ರೇಕ್ ತುಳಿದ್ರೂ ಗಾಡಿ ನಿಲ್ಲಲಿಲ್ಲ. ಎದುರಿಗೆ ಬಂದ ಕಾರಲ್ಲಿ ಪುಟ್ ಮಗು ಇತ್ತು. ಇಷ್ಟೇ ಇಷ್ಟು." ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದರು.

ವರ್ಲಿನ್ ಟ್ವೈಲಾಳ ಕಡೆ ನೋಡಿದ. ಮತ್ತೆ ತಾಯಿಯ ಕಡೆ ತಿರುಗಿದ. "ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ನನ್ ಫ್ರೀಜರ್ ಇಳಿಸು ಅಂತೀಯ ಅಂತ."

ಟ್ರೇಲರಿನ ಮುಂಭಾಗದಲ್ಲಿ, ಸರಿಯಾಗಿ ಆ ಕತ್ತಿನ ಮೇಲೆ, ಆಲ್ಮಾರ ದೊಡ್ಡ ಫ್ರೀಜರ್ ಇತ್ತು. ಅದರ ತುಂಬಾ ಊರಿಂದ ತಂದ ದನದ ಮಾಂಸ. ಪಕ್ಕದಲ್ಲಿ ತೊಂಬತ್ತು ಗಾಜಿನ ಜಾಡಿಗಳಲ್ಲಿ ಅವರೇ ಹಾಕಿದ ಪೀಚ್ ಹಣ್ಣು, ಹುಳಿ ಎಲೆಕೋಸು. ಅದನ್ನು ಮುಟ್ಟುವ ಧೈರ್ಯ ಟ್ವೈಲಾಳಿಗೂ ಇರಲಿಲ್ಲ, ಬೇರೆ ಯಾರಿಗೂ ಇರಲಿಲ್ಲ. ಎರಡು ವಾರದಿಂದ ಮುದುಕಿ ಆ ಜಾಡಿಗಳ ಆಸೆಗೆ ಬಾಯಿ ಮುಚ್ಚಿಕೊಂಡಿದ್ದರು. ಅದು ಅವರ ಒಳಗೇ ಕೊರೆಯುತ್ತಿತ್ತೆಂದು ಟ್ವೈಲಾಳಿಗೆ ಗೊತ್ತಾದದ್ದು ಈಗ. ಅವಳಿಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ವರ್ಲಿನ್ ಕೈಗವಸು ಹಾಕಿಕೊಂಡ. ಡೀಸೆಲ್ ಟ್ಯಾಂಕ್, ಸಲಕರಣೆ ಪೆಟ್ಟಿಗೆ ಎರಡೂ ಅವರ ಜೊತೆಗೇ ಬರುತ್ತಿದ್ದ ರಿಪೇರಿ ಸಾಮಾನಿನ ಲಾರಿಗೆ ಹೋದವು. ಆ ಲಾರಿಯನ್ನೂ ಆರ್ಡಿಸ್ ತೂಗದೆ ಬಿಡಲಿಲ್ಲ, ಅದು ಇನ್ನೂ ಬೇಕಾದಷ್ಟು ಭಾರ ಹೊರಬಹುದಿತ್ತು. ಮಾಂಸ ಗೋದಾಮಿನ ಆಳುಗಳಿಗೂ ಅಕ್ಕಪಕ್ಕದ ಮನೆಗಳಿಗೂ ಹಂಚಿ ಹೋಯಿತು. ಫ್ರೀಜರ್, ಜಾಡಿಗಳು ಹಿಂದಿರುಗಿ ಬರುವವರೆಗೆ ಆರ್ಡಿಸ್ ಮನೆಯ ನೆಲಮಾಳಿಗೆಯಲ್ಲಿ. ಆಲ್ಮಾ ಒಂದೊಂದು ಜಾಡಿಯನ್ನೂ ಎಣಿಸಿಯೇ ಕೊಟ್ಟರು.

ಮತ್ತೆ ಕಟ್ಟೆ ಹತ್ತಿಸಿದರು. 9,980 ಬಂತು.

"ಇಪ್ಪತ್ತು ಪೌಂಡ್ ಕಮ್ಮಿ," ಎಂದ ವರ್ಲಿನ್, ಉಸಿರು ಬಿಡುತ್ತಾ.

ಆರ್ಡಿಸ್ ಒಪ್ಪಲಿಲ್ಲ. ಗೆರೆಯ ಮೇಲೆ ನಿಂತವನು ಒಂದು ಹೆಜ್ಜೆಗೆ ಆಚೆ ಬೀಳುತ್ತಾನೆ, ದಾರಿಯಲ್ಲಿ ಒಂದು ಚೀಲ ಆಲೂಗಡ್ಡೆ ಕೊಂಡರೆ ಮುಗಿಯಿತು, ಗಾಳಿಗೂ ಇಳಿಜಾರಿಗೂ ಒಂದಿಷ್ಟು ಸಡಿಲ ಬಿಟ್ಟುಕೊಳ್ಳಬೇಕು ಎಂದರು. ವರ್ಲಿನ್ ಟ್ರೇಲರಿನ ನೀರಿನ ಟ್ಯಾಂಕ್ ಖಾಲಿ ಮಾಡಿದ. ಆಮೇಲೆ ತಾಯಿಯ ಚೀಲ ಎತ್ತಿಕೊಂಡು, ನನ್ನ ಲಾರಿಗೆ ಬಾ ಎಂದ. ಆಲ್ಮಾ ಎಂದೂ ಅವನ ಲಾರಿ ಹತ್ತಿದವರಲ್ಲ, ಡೀಸೆಲ್ ವಾಸನೆಗೆ ತಲೆ ಸುತ್ತುತ್ತದೆ ಎನ್ನುತ್ತಿದ್ದರು. ಆವತ್ತು ಹತ್ತಿದರು.

ಸಂಜೆಗೆ ಗುಡ್ಡದ ನೆತ್ತಿ ಬಂತು. ಆರ್ಡಿಸ್ ಹೇಳಿಕೊಟ್ಟಂತೆ ಟ್ವೈಲಾ ಇಳಿಯುವ ಮೊದಲೇ ವೇಗ ತಗ್ಗಿಸಿ ಸಣ್ಣ ಗೇರಿಗೆ ಹಾಕಿದಳು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಲಿಲ್ಲ, ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡುತ್ತಿದ್ದಳು. ಪಕ್ಕದಲ್ಲಿ ಅತ್ತೆ ಇಲ್ಲದ ಸೀಟು ಖಾಲಿ ಖಾಲಿ ಕಾಣುತ್ತಿತ್ತು. ಏಳು ಮೈಲಿಯನ್ನೂ ಹೀಗೇ ಇಳಿದಳು. ಕೊನೆಯ ತಿರುವು ಮುಗಿಯಿತು, ಊರು ಕಂಡಿತು, ಕೆಂಪು ಫಲಕ ಕಂಡಿತು. ಅಡ್ಡರಸ್ತೆಯಲ್ಲಿ ಒಂದು ಕಾರು ಬರುತ್ತಿತ್ತು. ಅವಳು ಬ್ರೇಕ್ ಒತ್ತಿದಳು.

ಸ್ಟೇರಿಂಗ್ ಕೈಯಲ್ಲಿ ಗಟ್ಟಿಯಾಗಿತ್ತು. ಮನೆ ನೂಕಲಿಲ್ಲ. ಬಿಳಿ ಗೆರೆಗೆ ಇನ್ನೂ ಒಂದು ಮಾರು ಇರುವಾಗಲೇ ಗಾಡಿ ನಿಂತಿತು. ಆ ಕಾರು ತನ್ನಷ್ಟಕ್ಕೆ ದಾಟಿ ಹೋಯಿತು, ಅದರಲ್ಲಿದ್ದವರಿಗೆ ಏನೂ ಗೊತ್ತಾಗಲಿಲ್ಲ.

ರೇಡಿಯೊ ಗೊರಗೊರ ಎಂದಿತು. ಊರಾಚೆ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ ವರ್ಲಿನ್. "ನಿಂತ್ತಾ?"

"ನಿಂತ್ತು."

ಆಮೇಲೆ ಆಲ್ಮಾರ ದನಿ ಬಂತು, ಲಾರಿ ತುಂಬಾ ವಾಸನೆ, ಆದರೂ ಪರವಾಗಿಲ್ಲ ಎಂದು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಮನೆಯನ್ನೋ ಯಂತ್ರವನ್ನೋ ಗಾಡಿಗೆ ಕಟ್ಟಿಕೊಂಡು ಎಳೆಯುವವರಾದರೆ, ಇವತ್ತೇ ಹೋಗಿ ಡ್ರೈವರ್ ಬಾಗಿಲು ತೆರೆಯಿರಿ. ಚೌಕಟ್ಟಿನ ಚೀಟಿಯ ಮೇಲಿನ ಧೂಳು ಒರೆಸಿ ಓದಿ. ಕಂಪನಿಯ ಪುಸ್ತಕದಲ್ಲಿ ಬರೆದಿರುವುದನ್ನು ನಂಬಿ ಕೂರಬೇಡಿ, ಆ ಚೀಟಿ ನಿಮ್ಮ ಗಾಡಿಯದೇ. ಆಮೇಲೆ ಹೊರಡುವ ದಿನ ಹೇಗಿರುತ್ತದೋ ಹಾಗೇ, ನೀರು, ಡೀಸೆಲ್, ಸಾಮಾನು, ಮನೆ ಮಂದಿ ಎಲ್ಲ ಸಮೇತ, ಹತ್ತಿರದ ವೇಬ್ರಿಡ್ಜ್ ಹತ್ತಿಸಿ. ಹೆಚ್ಚಾಗಿದ್ದರೆ ಅಲ್ಲೇ ಇಳಿಸಿ, ಎಷ್ಟೇ ಪ್ರೀತಿಯ ಸಾಮಾನಾದರೂ ಇಳಿಸಿ. ಗಾಡಿ ಓಡಿಸುವವರು ಭಯ ಆಗುತ್ತಿದೆ ಎಂದರೆ ನಗಬೇಡಿ, ತೂಗಿ ನೋಡಿ. ಪಕ್ಕದಲ್ಲಿ ಕೂತು ನೋಡಿದವರು ನೀವಾಗಿದ್ದರೆ, ಬಾಯಿ ಬಿಟ್ಟು ಹೇಳಿ. ಅಡ್ಡರಸ್ತೆಯಲ್ಲಿ ಬರುವ ಕಾರಿನೊಳಗೆ ಯಾರ ಮಗು ಕೂತಿದೆಯೋ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.