ಎರಡು ಸಲ ಆಕಳಿಸಿದ ಮರಿ

ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾರ್ಡು ಬರೆಯುವ ಹುಡುಗಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಪಿಸುಮಾತು. ಅವಳು ಹೇಳಿದ್ದು ಕೇಳಿಸಬೇಕಾದರೆ ಎದುರಿನವರು ಉಸಿರು ಬಿಗಿಹಿಡಿಯಬೇಕು, ಸಾಧ್ಯವಾದರೆ ಫ್ಯಾನನ್ನೂ ಆರಿಸಬೇಕು. ಬಾಯಲ್ಲಿ ಬಾರದ್ದೆಲ್ಲ ಅವಳ ಕೈಯಲ್ಲಿ ಬರುತ್ತಿತ್ತು. ಲಸಿಕೆ ಕಾರ್ಡಿನಲ್ಲಿ ‘ಗುರುತು’ ಎಂದು ಒಂದು ಗೆರೆಯಷ್ಟು ಜಾಗವಿರುತ್ತದೆ. ಬೇರೆಯವರಾಗಿದ್ದರೆ ಅಲ್ಲಿ ‘ಕಪ್ಪು’ ಎಂದು ಗೀಚಿ ಮುಗಿಸುತ್ತಿದ್ದರು. ಇವಳು ‘ಕಪ್ಪು, ಎಡ ಮುಂಗಾಲಿನಲ್ಲಿ ಎರಡೂವರೆ ಬಿಳಿ ಬೆರಳು, ಹಿಡಿದರೆ ಅಳುವುದಿಲ್ಲ, ಬಿಟ್ಟರೆ ಅಳುತ್ತದೆ’ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದು, ಜಾಗ ಸಾಲದೆ ಅಂಚಿಗೂ ಹತ್ತಿಸುವಳು. ಅದನ್ನೇ ಅಕ್ಷರ ತಪ್ಪದೆ ಆಸ್ಪತ್ರೆಯ ರಿಜಿಸ್ಟರಿಗೂ ಇಳಿಸುವಳು.

“ಕಾರ್ಡ್ ಬರಿಯೇ ಅಂದ್ರೆ ಜೀವನಚರಿತ್ರೆ ಬರೀತೀಯಲ್ಲ,” ಎಂದು ಡಾಕ್ಟರಮ್ಮ ದಿನಕ್ಕೊಮ್ಮೆಯಾದರೂ ಗದರುವರು. ಡಾಕ್ಟರಮ್ಮನದು ದೊಡ್ಡ ಗಂಟಲು. ಅವರು ಗುಟ್ಟು ಹೇಳಿದರೆ ಎದುರುಮನೆಯವರು ಉತ್ತರ ಕೊಡುತ್ತಾರೆ ಎಂದು ಕಾಂಪೌಂಡರಣ್ಣ ಹೇಳುವುದುಂಟು, ಅವರು ಅಲ್ಲಿಲ್ಲದಾಗ.

ಆ ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಸ್ ಡಿಪೋ ಹಿಂದಿನ ಬೀದಿಯಿಂದ ಒಂದು ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಅದರ ಕಣ್ಣು ಗೀಜುಗಟ್ಟಿತ್ತು, ಮೂಗು ಸುರಿಯುತ್ತಿತ್ತು. ದವಡೆ ಮಾತ್ರ, ಬಾಯಲ್ಲಿ ಏನೂ ಇಲ್ಲದಿದ್ದರೂ, ಏನನ್ನೋ ಅಗಿಯುವ ಹಾಗೆ ತಾನಾಗಿ ಅದುರುತ್ತಿತ್ತು. ಡಾಕ್ಟರಮ್ಮ ಅದನ್ನು ಒಳಗಿನ ಕೋಣೆಯಲ್ಲಿ ಬೇರೆಯಾಗಿ ಮಲಗಿಸಿ, ಮೊಣಕೈವರೆಗೆ ಕೈ ತೊಳೆದುಕೊಂಡು ಬಂದರು.

“ಡಿಸ್ಟೆಂಪರ್,” ಎಂದರು. ಅವರ ದನಿ ಅಷ್ಟು ತಗ್ಗಿದ್ದನ್ನು ಯಾರೂ ಕೇಳಿರಲಿಲ್ಲ. “ಬಂದ್ಮೇಲೆ ಇದಕ್ಕೆ ಔಷಧ ಅಂತ ಇಲ್ಲ. ಬರೋಕೆ ಮುಂಚೆ ಚುಚ್ಚಬೇಕು, ಅಷ್ಟೇ. ಒಂದು ಸೀನಿದ್ರೆ ಸಾಕು, ಪಕ್ಕದ್ದಕ್ಕೆ ಹಿಡಿಯತ್ತೆ. ಪುಣ್ಯಕ್ಕೆ ನಮ್ಮ ಟೈಲರ್ ಓಣಿ ಆರು ಮರಿಗೂ ಮೊದಲನೇ ಡೋಸ್ ಆಗಿದೆ. ಶುಕ್ರವಾರ ಎರಡನೇದು.”

“ಆರಕ್ಕಾರೂ ನಾನೇ ಹಿಡಿದುಕೊಟ್ಟಿದ್ದು,” ಎಂದು ಕಾಂಪೌಂಡರಣ್ಣ ಮೀಸೆ ತೀಡಿದ.

ಪಿಸುಮಾತಿನ ಕೈಯಲ್ಲಿ ಓಡುತ್ತಿದ್ದ ಪೆನ್ನು ಅಲ್ಲೇ ನಿಂತಿತು.

ಮೂರು ವಾರದ ಹಿಂದೆ, ಟೈಲರಕ್ಕನ ಅಂಗಡಿಯ ಮೆಟ್ಟಿಲ ಕೆಳಗೆ ಬೀದಿನಾಯಿಯೊಂದು ಹಾಕಿದ್ದ ಆರು ಮರಿಗಳಿಗೂ ಲಸಿಕೆ ಹಾಕಲು ಮೂವರೂ ಹೋಗಿದ್ದರು. ಆರೂ ಕಪ್ಪು, ಒಂದರ ಪಡಿಯಚ್ಚು ಇನ್ನೊಂದು. ಕಾಂಪೌಂಡರಣ್ಣ ಒಂದೊಂದನ್ನೇ ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಿಕೊಡುವುದು, ಡಾಕ್ಟರಮ್ಮ ಚುಚ್ಚುವುದು, ಪಿಸುಮಾತು ನೋಡಿ ಬರೆಯುವುದು. ಚುಚ್ಚಿಸಿಕೊಂಡವು ಒಂದು ರಟ್ಟಿನ ಡಬ್ಬಿಗೆ. ಆ ಡಬ್ಬಿಯ ಒಂದು ಮೂಲೆ ಹರಿದಿದ್ದನ್ನು ಯಾರೂ ಗಮನಿಸಿರಲಿಲ್ಲ.

ಎರಡನೆಯ ಮರಿಗೆ ಅವಳು ಬರೆದದ್ದು: ‘ಬಲಗಿವಿಯ ಒಳಗೆ ಕಡಲೆ ಗಾತ್ರದ ಬಿಳಿ ಮಚ್ಚೆ; ಸೂಜಿ ಕಂಡರೆ ಆಕಳಿಸುತ್ತದೆ.’ ಆರನೆಯ ಮರಿ ಮೇಜಿನ ಮೇಲೆ ಬಂತು. ಸೂಜಿ ಕಂಡಿತು. ಆಕಳಿಸಿತು. ಅದರ ಹೆಗಲಿನ ಕೂದಲು ಆಗಲೇ ಸ್ಪಿರಿಟ್‌ನಿಂದ ಒದ್ದೆಯಾಗಿತ್ತು. ಅವಳು “ಡಾಕ್ಟರಮ್ಮಾ, ಇದು…” ಎಂದಳು. ಅದೇ ಗಳಿಗೆಗೆ ಟೈಲರಕ್ಕ ಮಿಷನ್ ತುಳಿದರು. “ಆರು! ಮುಗೀತು, ನಡೀರಿ,” ಎಂದು ಡಾಕ್ಟರಮ್ಮ ಚುಚ್ಚಿ, ಪೆಟ್ಟಿಗೆ ಮುಚ್ಚಿದರು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ, ಕೈ ಮಾತ್ರ ಕಂಡದ್ದನ್ನು ಕಂಡಹಾಗೆ ಬರೆಯಿತು.

ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಮರುದಿನ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಮಾಡುವುದು ಎನ್ನಿಸಿತು. ಒಂದು ವಾರವಾದ ಮೇಲಂತೂ ಬಿಡಿ, ಅದು ಬಿಸಿ ತುಪ್ಪವಾಗಿತ್ತು; ನುಂಗುವಂತಿಲ್ಲ, ಉಗುಳುವಂತಿಲ್ಲ. ಬಹುಶಃ ಎರಡು ಮರಿಗೂ ಮಚ್ಚೆಯಿರಬಹುದು, ಆಕಳಿಕೆ ಮನೆತನದ್ದಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಒಳಗಿನ ಕೋಣೆಯಿಂದ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ಆ ಆರರಲ್ಲಿ ಒಂದು ಮರಿ ಮೈಮೇಲೆ ಏನೂ ರಕ್ಷಣೆಯಿಲ್ಲದೆ ಓಣಿಯಲ್ಲಿ ಬಾಲ ಅಲ್ಲಾಡಿಸಿಕೊಂಡು ತಿರುಗುತ್ತಿದೆ.

ಅವಳು ರಿಜಿಸ್ಟರ್ ತೆಗೆದು ಡಾಕ್ಟರಮ್ಮನ ಮುಂದಿಟ್ಟು, ಎರಡನೆಯ ಸಾಲಿನ ಮೇಲೆ ಒಂದು ಬೆರಳು, ಆರನೆಯ ಸಾಲಿನ ಮೇಲೆ ಇನ್ನೊಂದು ಬೆರಳು ಇಟ್ಟು ನಿಂತಳು.

ಡಾಕ್ಟರಮ್ಮ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

“ಒಂದೇ ಮರೀಗೆ ಎರಡು ಸಲ?”

ಅವಳು ಹೌದೆಂದು ತಲೆ ಆಡಿಸಿದಳು.

“ಅವತ್ತೇ ಗೊತ್ತಿತ್ತಾ?”

ಅವಳು ಮತ್ತೆ ತಲೆ ಆಡಿಸಿದಳು.

“ಮೂರು ವಾರ ಇದನ್ನ ಹೊಟ್ಟೇಲಿಟ್ಕೊಂಡು ಊಟ ಹೇಗೆ ಇಳೀತೇ ನಿನಗೆ?” ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿ ಎನ್ನಿಸಿತು. “ಎರಡು ಸಲ ತಗೊಂಡಿದ್ದಕ್ಕೆ ಏನೂ ಆಗಲ್ಲ. ಒಂದು ಸಲಾನೂ ತಗೊಳ್ಳದೆ ಇರೋದಕ್ಕೆ ಆಗತ್ತೆ. ಫ್ರಿಜ್‌ನಲ್ಲಿರೋದು ಒಂದೇ ಸೀಸೆ, ಮಿಕ್ಕಿದ್ದು ಗುರುವಾರ ಬರೋದು. ಹೋಗಿ ಅದ್ಯಾವ ಮರಿ ಅಂತ ಪತ್ತೆ ಮಾಡಿ ಫೋನ್ ಮಾಡಿ, ಬರ್ತೀನಿ. ಹೊರಡೋ ಮುಂಚೆ ಇಬ್ರೂ ಕೈಕಾಲು ಸೋಪ್ ಹಾಕಿ ತೊಳ್ಕೊಳ್ಳಿ, ಚಪ್ಪಲೀನೂ. ಇಲ್ಲಿಂದ ನೀವೇ ರೋಗ ಹೊತ್ಕೊಂಡು ಹೋಗಬೇಡಿ.”

ದಾರಿಯುದ್ದಕ್ಕೂ ಕಾಂಪೌಂಡರಣ್ಣ ಧುಮುಗುಟ್ಟುತ್ತಲೇ ಇದ್ದ. “ಹದಿನೆಂಟು ವರ್ಷದ ಸರ್ವಿಸ್ಸಮ್ಮಾ ನಂದು. ಕುದುರೆ ಹಿಡಿದಿದೀನಿ, ಹುಚ್ಚು ಹಿಡಿದ ಹಸು ಹಿಡಿದಿದೀನಿ. ಒಂದು ಗೇಣುದ್ದ ಮರಿ ನನಗೆ ಎರಡು ಸಲ ಟೋಪಿ ಹಾಕತ್ತಾ? ಹಾಗೇನಾದ್ರೂ ಆಗಿದ್ರೆ ಈ ಮೀಸೆ ಬೋಳಿಸ್ಕೋತೀನಿ.”

ಅವನು ಇದನ್ನು ಹೇಳಿದ್ದು ಕ್ಷೌರದಂಗಡಿಯ ಮುಂದೆ. ಒಳಗಿನಿಂದ ಕ್ಷೌರಿಕ ಕತ್ತು ಹೊರಗೆ ಹಾಕಿದ. “ಅಣ್ಣ, ಆ ಕುರ್ಚಿ ಖಾಲಿ ಇದೆ. ಯಾವಾಗ ಬೇಕಾದ್ರೂ ಬನ್ನಿ.”

ಓಣಿಯವರು ಹಂಚಿಕೊಂಡಿದ್ದ ಆರು ಮರಿಗಳಲ್ಲಿ ಒಂದು ಕ್ಷೌರಿಕನ ಪಾಲಿಗೇ ಬಂದಿತ್ತು. ಪಿಸುಮಾತು ಅದನ್ನು ಕುರ್ಚಿಯ ಕೆಳಗಿಂದ ಎಳೆದು, ಮಗುಚಿ, ಕಾಲ್ಬೆರಳು ಎಣಿಸಿದಳು. ಎರಡೂವರೆ ಬಿಳಿ. ಬಿಟ್ಟ ಕೂಡಲೇ ಅತ್ತಿತು. ಮೊದಲನೆಯ ನಂಬರು, ಇದಕ್ಕೆ ಆಗಿದೆ. ಮುಂದಿನ ಎರಡು ಮನೆಗಳಲ್ಲಿ ಮೂರನೆಯದು, ನಾಲ್ಕನೆಯದು ಸಿಕ್ಕವು. ಬೇಕರಿಯ ಕಟ್ಟೆಯ ಮೇಲೆ ಬಿಸಿಲಿಗೆ ಮಲಗಿದ್ದ ಮರಿಯ ಬಲಗಿವಿಯನ್ನು ಮಡಚಿದಳು. ಕಡಲೆ ಗಾತ್ರದ ಬಿಳಿ ಮಚ್ಚೆ. ಅವಳು ಪೆನ್ನಿನ ತುದಿಯನ್ನು ಸೂಜಿಯ ಹಾಗೆ ಅದರ ಮೂಗಿನ ಮುಂದೆ ಹಿಡಿದಳು. ಮರಿ ಬಾಯಿ ತುಂಬ ಆಕಳಿಸಿತು.

ಕಾಂಪೌಂಡರಣ್ಣ ಆ ಮಚ್ಚೆಯನ್ನು ಬೆರಳಿನಿಂದ ಉಜ್ಜಿದ, ಅದು ಹೋಗಲಿಲ್ಲ. ಮೀಸೆಯನ್ನು ಒಮ್ಮೆ ಮುಟ್ಟಿನೋಡಿಕೊಂಡ.

ಇನ್ನುಳಿದದ್ದು ಎರಡು ಮರಿ. ಒಂದು ಟೈಲರಕ್ಕನ ಹತ್ತಿರವೇ ಇತ್ತು. ಕಾಂಪೌಂಡರಣ್ಣ ಅವರಿಗೆ ಐದನೆಯ ಮರಿಯ ಗುರುತು ಹೇಳಿದ. ಅವರು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವರು. “ಬಾಲದ ಬುಡದಲ್ಲಿ ಸುಳಿ ಇರೋದೇ ಐದನೇದಾ? ನೋಡಮ್ಮ, ಇದೆಯಲ್ಲ. ಅವತ್ತು ನೀವು ಹೋದ್ಮೇಲೆ, ನಾಲ್ಕು ಗಂಟೆ ಹೊತ್ತಿಗೆ ಈ ಚಿಂದಿ ಚೀಲ ತಾನಾಗಿ ಅಲ್ಲಾಡ್ತು. ಎದೆ ಒಡೀತು ನಂದು. ನೋಡಿದ್ರೆ ಇನ್ನೊಂದು ಮರಿ ಮೈಮುರೀತಾ ಎದ್ದು ಬಂತು. ಚುಚ್ಚಿಸ್ಕೊಂಡು ಸುಸ್ತಾಗಿ ಮಲಗಿತ್ತೇನೋ ಪಾಪ ಅಂದ್ಕೊಂಡೆ.”

“ಅದು ಯಾರ ಮನೆಗೆ ಹೋಯ್ತು?” ಎಂದು ಪಿಸುಮಾತು ಕೇಳಿದಳು.

“ಏನಂದೆ?”

ಕಾಂಪೌಂಡರಣ್ಣ ಅದನ್ನೇ ಜೋರಾಗಿ ಹೇಳಿದ.

“ಮೇಷ್ಟ್ರ ಮನೆಗೆ. ಕೊನೇ ಮನೆ, ಹಸಿರು ಗೇಟು. ಬೇಗ ಹೋಗಿ ಅವರನ್ನ ಹಿಡ್ಕೊಳ್ಳಿ, ಹತ್ತು ಗಂಟೆಗೆ ಮರೀನ ಮೊದಲನೇ ಸಲ ಡಿಪೋ ಮೈದಾನಕ್ಕೆ ತಿರುಗಾಡೋಕೆ ಕರ್ಕೊಂಡು ಹೋಗ್ತೀನಿ ಅಂತಿದ್ರು. ಹೊಸ ಬೆಲ್ಟು ತಂದಿದಾರೆ. ನನ್ಹತ್ರಾನೇ ಚಿಕ್ಕದು ಮಾಡಿಸಿದ್ರು.”

ಗೋಡೆಯ ಗಡಿಯಾರದಲ್ಲಿ ಹತ್ತಾಗಿ ಎರಡು ನಿಮಿಷ. ನಿವೃತ್ತ ಮೇಷ್ಟ್ರು ಹೊತ್ತು ತಪ್ಪಿಸುವವರಲ್ಲವೆಂದು ಓಣಿಗೆಲ್ಲ ಗೊತ್ತು. ಅವರನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಪಿಸುಮಾತು ಒಂದೇ ಉಸಿರಿಗೆ ಓಡಿದಳು. ಕಾಂಪೌಂಡರಣ್ಣ ಹತ್ತು ಹೆಜ್ಜೆ ಓಡಿ, ಹೊಟ್ಟೆ ಹಿಡಿದುಕೊಂಡು, “ನೀನು ಹೋಗಮ್ಮ, ಕೂಗು,” ಎಂದು ಗೋಡೆಗೊರಗಿದ. ತಿರುವಿನಲ್ಲಿ ಕಂಡಿತು: ಹಸಿರು ಗೇಟು ತೆರೆದಿದೆ, ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಮುಂದೆ, ಕೆಂಪು ಬೆಲ್ಟಿನ ಕಪ್ಪು ಮರಿ ಹಿಂದೆ, ಇಬ್ಬರೂ ದೊಡ್ಡ ರಸ್ತೆ ದಾಟಲು ನಿಂತಿದ್ದಾರೆ. ರಸ್ತೆಯಾಚೆ ಡಿಪೋ ಮೈದಾನ. ಅಲ್ಲಿ ನಾಲ್ಕೈದು ನಾಯಿಗಳು ಮಲಗಿದ್ದವು, ಒಂದು ಸೀನುತ್ತಿತ್ತೋ ಕೆಮ್ಮುತ್ತಿತ್ತೋ, ಅಷ್ಟು ದೂರದಿಂದ ತಿಳಿಯಲಿಲ್ಲ.

“ಮೇಷ್ಟ್ರೇ,” ಎಂದಳು. ಅದು ಅವಳಿಗೇ ಕೇಳಿಸಲಿಲ್ಲ.

ಬಸ್ಸೊಂದು ಹೋಯಿತು. ರಸ್ತೆ ಖಾಲಿಯಾಯಿತು. ಮೇಷ್ಟ್ರು ಒಂದು ಕಾಲು ಕೆಳಗಿಟ್ಟರು.

“ನಿಲ್ಲಿ ಸಾರ್!”

ಆ ದನಿ ಎಲ್ಲಿಂದ ಬಂತೆಂದು ಅವಳೂ ತಿರುಗಿ ನೋಡಿದಳು. ಎರಡು ಕಿಟಕಿ ತೆರೆದವು. ಬೇಕರಿಯವನ ಕೈಯಿಂದ ಬನ್ನು ಜಾರಿತು. ಡಿಪೋ ನಾಯಿಗಳು ಎದ್ದುನಿಂತು ಬೊಗಳಿದವು. ಮೂವತ್ತೈದು ವರ್ಷ ಬೇರೆಯವರನ್ನು ನಿಲ್ಲಿಸಿದ್ದ ಮೇಷ್ಟ್ರು ಇಟ್ಟ ಕಾಲು ಹಿಂದೆಗೆದು, ಮರಿಯನ್ನು ಎತ್ತಿಕೊಂಡು, ಶಿಷ್ಯನ ಹಾಗೆ ನಿಂತುಬಿಟ್ಟರು.

ಅವಳು ಏದುಸಿರು ಬಿಡುತ್ತ ಮರಿಯ ಕಿವಿ ಮಡಚಿದಳು, ಕಾಲು ಎತ್ತಿದಳು, ಬಾಲ ಸರಿಸಿದಳು. ಮಚ್ಚೆ ಇಲ್ಲ, ಬಿಳಿ ಬೆರಳಿಲ್ಲ, ಸುಳಿಯೂ ಇಲ್ಲ. ಗದ್ದದ ಕೆಳಗೆ ಹಾಲು ಚೆಲ್ಲಿದಂಥ ಒಂದು ಬಿಳಿ ಗೆರೆ. ಈ ಗೆರೆಯನ್ನು ಅವಳು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ.

“ಸಾರ್, ಇದಕ್ಕೆ ಇಂಜೆಕ್ಷನ್ ಆಗಿಲ್ಲ. ತಪ್ಪು ನಂದು.”

ಮೇಷ್ಟ್ರು ಅವಳನ್ನೂ ಮರಿಯನ್ನೂ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಗೋಡೆಯ ಕಪಾಟಿನಿಂದ ಕಾರ್ಡು ತೆಗೆದು ಕೊಟ್ಟರು. ಟೈಲರಕ್ಕ ಮರಿಗೊಂದರಂತೆ ಕಾರ್ಡು ಹಂಚುವಾಗ ಯಾವುದಕ್ಕೆ ಯಾವುದೆಂದು ನೋಡಿರಲಿಲ್ಲ. ಅಷ್ಟು ಚಿಕ್ಕ ಅಕ್ಷರವನ್ನು ಓದುವವರು ಓಣಿಯಲ್ಲಿ ಒಬ್ಬರೇ. ‘ಬಲಗಿವಿಯ ಒಳಗೆ ಬಿಳಿ ಮಚ್ಚೆ’ ಎಂಬುದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಇಲ್ಲ’ ಎಂದು ಬರೆದಿತ್ತು. ‘ಸೂಜಿ ಕಂಡರೆ ಆಕಳಿಸುತ್ತದೆ’ ಎಂಬುದರ ಪಕ್ಕ ‘ಪರೀಕ್ಷಿಸಿದೆ. ಆಕಳಿಸುವುದಿಲ್ಲ.’ ಅಡಿಯಲ್ಲಿ ‘ಗದ್ದದ ಕೆಳಗಿನ ಬಿಳಿ ಗೆರೆ ಬಿಟ್ಟುಹೋಗಿದೆ.’

“ಬಂದ ದಿನಾನೇ ನೋಡಿದೆ,” ಎಂದರು ಮೇಷ್ಟ್ರು, ಬೆಲ್ಟು ಬಿಚ್ಚುತ್ತ. “ಆಸ್ಪತ್ರೆಗೆ ಬಂದು ಹೇಳೋಣ ಅಂತ ಎರಡು ಸಲ ಬಾಗಿಲವರೆಗೂ ಬಂದಿದ್ದೆ. ನೀನು ಇಷ್ಟು ಶ್ರದ್ಧೆಯಿಂದ ಬರೆದಿದೀಯ, ಸಂಕಟಪಡ್ತೀಯೇನೋ ಅಂತ ವಾಪಸ್ ಹೋದೆ. ಮೂವತ್ತೈದು ವರ್ಷ ಮುಲಾಜಿಲ್ಲದೆ ತಿದ್ದಿದವನು ನಾನು. ನಿವೃತ್ತಿ ಆದ್ಮೇಲೆ ಬುದ್ಧಿ ಮಂಕಾಗಿದೆ.”

“ನಾನೂ ಹಾಗೇ ಸಾರ್,” ಎಂದಳು ಪಿಸುಮಾತು. “ಇನ್ನೂ ನಿವೃತ್ತಿ ಆಗಿಲ್ಲ, ಅಷ್ಟೇ.”

ಮೇಷ್ಟ್ರು ನಕ್ಕುಬಿಟ್ಟರು. ಅವರು ನಗುವುದನ್ನು ಮರಿಯೂ ಮೊದಲ ಸಲ ನೋಡಿದ್ದಿರಬೇಕು, ಹಿಂದೆ ಸರಿಯಿತು.

ಅಷ್ಟರಲ್ಲಿ ಕಾಂಪೌಂಡರಣ್ಣ ಬಂದು ಫೋನು ಮಾಡಿದ. ಕಾಲು ಗಂಟೆಯೊಳಗೆ ಡಾಕ್ಟರಮ್ಮ ಬೇರೆ ಬಟ್ಟೆ ತೊಟ್ಟು, ಐಸ್ ಪೆಟ್ಟಿಗೆ ತೂಗುಹಾಕಿಕೊಂಡು ಸ್ಕೂಟರಿನಲ್ಲಿ ಬಂದಿಳಿದರು. ಸೀಸೆಯಲ್ಲಿದ್ದ ಲಸಿಕೆಯ ಪುಡಿಗೆ ಅದರ ಜೊತೆಗೆ ಬಂದ ನೀರು ಬೆರೆಸಿ, ಅಲ್ಲಾಡಿಸಿ, ಹೆಗಲ ಚರ್ಮ ಎತ್ತಿ ಚುಚ್ಚಿದರು. ಮರಿ ಒಂದು ಸಲ ಕುಂಯ್ ಎಂದು ಮೇಷ್ಟ್ರ ಇಸ್ತ್ರಿ ಅಂಗಿಯೊಳಗೆ ಮುಖ ಹುದುಗಿಸಿತು.

“ಇದು ಮೊದಲನೇದು. ಮೂರು ವಾರಕ್ಕೆ ಇನ್ನೊಂದು, ಅದಾಗಿ ಮೂರು ವಾರಕ್ಕೆ ಮತ್ತೊಂದು. ಅಲ್ಲೀತನಕ ಗೇಟಿನಾಚೆ ಕಾಲಿಡಬಾರದು, ಇದು,” ಎಂದು, ಮೇಷ್ಟ್ರ ಕಡೆ ತಿರುಗಿ, “ನೀವು ಬೇಕಾದ್ರೆ ಹೋಗಬಹುದು,” ಎಂದರು. ಆಮೇಲೆ ಪಿಸುಮಾತಿನ ಕಡೆ ನೋಡಿದರು. “ಶುಕ್ರವಾರದಿಂದ ಗುರುತು ಬರೆಯೋ ಮುಂಚೆ ಬಾಯಿಬಿಟ್ಟು ಓದಬೇಕು. ಮಿಷನ್ ಓಡ್ತಿದ್ರೂ ನನಗೆ ಕೇಳಿಸಬೇಕು. ಆಗತ್ತಾ?”

“ಆಗತ್ತೆ.”

“ಏನಂದೆ?”

“ಆಗತ್ತೆ ಅಂದೆ.”

ಶುಕ್ರವಾರ ಟೈಲರಕ್ಕನ ಮೆಟ್ಟಿಲ ಬಳಿ ಎಲ್ಲರೂ ತಮ್ಮ ತಮ್ಮ ಮರಿ ತಂದಿದ್ದರು. ಮೇಷ್ಟ್ರು ಮಾತ್ರ ಮರಿಯನ್ನು ಮನೆಯೊಳಗೆ ಬಿಟ್ಟು, ಕೈ ತೊಳೆದುಕೊಂಡು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಅದು ಚೆನ್ನಾಗಿದೆ, ಮೂಗು ಒದ್ದೆಯಾಗಿದೆ, ಒಂದು ಚಪ್ಪಲಿ ತಿಂದಿದೆ ಎಂದು ವರದಿ ಒಪ್ಪಿಸಿದರು. ಕಾಂಪೌಂಡರಣ್ಣ ಮೂಗಿನ ಕೆಳಗೆ ಕರವಸ್ತ್ರ ಒತ್ತಿಕೊಂಡೇ ಓಡಾಡುತ್ತಿದ್ದ. ನೆಗಡಿಯಂತೆ. ಕ್ಷೌರಿಕ ಮಾತ್ರ ಅವನನ್ನು ನೋಡಿದಾಗಲೆಲ್ಲ ತಾನು ಮಾಡಿದ ಕೆಲಸ ಚೆನ್ನಾಗಿ ಬಂದಿದೆ ಎಂಬಂತೆ ತಲೆದೂಗುತ್ತಿದ್ದ.

ಪಿಸುಮಾತು ಓದಿದಳು. ಮೊದಲನೆಯದಕ್ಕೆ ದನಿ ನಡುಗಿತು, ಎರಡನೆಯದಕ್ಕೆ ಮಿಷನ್ನಿಗಿಂತ ಮೇಲೆ ಬಂತು, ಮೂರನೆಯದರಿಂದ ಟೈಲರಕ್ಕ ಮಿಷನ್ ನಿಲ್ಲಿಸಿಯೇ ಕೇಳಿದರು. ಐದು ಮುಗಿಯಿತು. ಅವಳು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಕಾಂಪೌಂಡರಣ್ಣ ಬಗ್ಗಿ ಮೆಟ್ಟಿಲ ಕೆಳಗಿಂದ ಒಂದು ಕಪ್ಪು ಮರಿಯನ್ನು ಎತ್ತಿ ಮೇಜಿನ ಮೇಲಿಟ್ಟ.

“ಹಿಡ್ಕೊಳ್ಳಿ ಡಾಕ್ಟರಮ್ಮ, ಆರನೇದು.”

ಡಾಕ್ಟರಮ್ಮ ಅಭ್ಯಾಸಬಲದಿಂದ ಸೂಜಿ ಎತ್ತಿದರು. ಮರಿ ಅದನ್ನು ನೋಡಿ ನಿಧಾನವಾಗಿ ಬಾಯಿ ತೆರೆಯಿತು.

“ಅಣ್ಣ,” ಎಂದಳು ಪಿಸುಮಾತು, ಓಣಿಯ ಕೊನೆಯವರೆಗೂ ಕೇಳಿಸುವ ಹಾಗೆ. “ಇವತ್ತು ಬಂದಿರೋದೇ ಐದು.”

ಕಾಂಪೌಂಡರಣ್ಣ ಕರವಸ್ತ್ರ ತೆಗೆದು ಮರಿಯ ಬಲಗಿವಿ ಮಡಚಿ ನೋಡಿದ. ಕ್ಷೌರಿಕ ಅವನ ಬೋಳು ಮೇಲ್ತುಟಿಯಿಂದ ಹುಬ್ಬಿನವರೆಗೆ ಒಮ್ಮೆ ಕಣ್ಣಾಡಿಸಿ, “ಈ ಸಲ ಏನು ಬೋಳಿಸೋದು?” ಎಂದು ಕೇಳಿದ.